ಹೆಲಿಕಾಪ್ಟರ್ ಎಸಿ: ಬೆಲ್ಟ್, ಮೋಟಾರ್ ಅಥವಾ ಎಂಜಿನ್ ಗಾಳಿ?

ಹೆಲಿಕಾಪ್ಟರಿನ ಎಸಿಯನ್ನು ಬೆಲ್ಟ್, ವಿದ್ಯುತ್ ಮೋಟಾರ್, ಎಂಜಿನ್ ಗಾಳಿ, ಈ ಮೂರರಲ್ಲಿ ಯಾವುದರಿಂದ ನಡೆಸುವುದು ಸರಿ ಎಂದು ಕೇಳಿದ್ದೀರಿ. ಮೊದಲು ಎಂಜಿನ್ನಿನ ಶಕ್ತಿ ನೋಡಿ. ಎಂಜಿನ್ ಗಾಳಿ ಬಳಸುವ ಏರ್ ಸೈಕಲ್ ವ್ಯವಸ್ಥೆಯು ಎಂಜಿನ್ನಿನ ಕಂಪ್ರೆಸರ್‌ನಿಂದ ಒತ್ತಡದ ಬಿಸಿಗಾಳಿಯನ್ನು ಸೆಳೆದು, ಶಾಖ ವಿನಿಮಯಕದಲ್ಲಿ ತಣಿಸಿ, ಪುಟ್ಟ ಟರ್ಬೈನಿನಲ್ಲಿ ಹಿಗ್ಗಿಸಿ ಇನ್ನಷ್ಟು ತಂಪಾಗಿಸುತ್ತದೆ. ಶೀತಕ ಅನಿಲ ಬೇಡ, ಅದರ ಸೋರಿಕೆಯ ತಲೆನೋವೂ ಇಲ್ಲ. ಆದರೆ ಸುಡುಬಿಸಿಲಿನಲ್ಲಿ, ಎತ್ತರದ ಜಾಗದಲ್ಲಿ, ಭಾರ ಹೊತ್ತು ಮೇಲೇರುವಾಗ ಆ ಗಾಳಿ ಎಂಜಿನ್ನಿಗೇ ಬೇಕು. ಸಣ್ಣ ಎಂಜಿನ್ನಿಗೆ ನಾನಂತೂ ಇದನ್ನು ಸೂಚಿಸುವುದಿಲ್ಲ.

ಉಳಿದೆರಡರಲ್ಲೂ ಸಾಮಾನ್ಯವಾಗಿ ಆರ್-134ಎ ಶೀತಕವೇ ಇರುತ್ತದೆ. ಬೆಲ್ಟ್ ಚಾಲಿತ ಕಂಪ್ರೆಸರ್ ಜನರೇಟರ್ ಮೇಲೆ ಹೆಚ್ಚು ಹೊರೆ ಹಾಕದು. ಬೆಲ್ಟಿನ ಬಿಗಿ, ಸವೆತಗಳನ್ನು ಮಾತ್ರ ಗಮನಿಸುತ್ತಿರಬೇಕು. ವಿದ್ಯುತ್ ಮೋಟಾರಿನದು, ನೆಲದ ವಿದ್ಯುತ್ ಸಂಪರ್ಕ ಸಿಕ್ಕರೆ, ರೋಟರ್ ನಿಂತಿದ್ದಾಗಲೂ ಓಡಬಲ್ಲದು. ರೋಗಿಗಾಗಿ ಕಾದು ನಿಲ್ಲುವ ಏರ್ ಆಂಬುಲೆನ್ಸಿಗೆ ಇದೇ ಸರಿ, ಜನರೇಟರ್ ಆ ಹೊರೆ ತಾಳುವುದಾದರೆ.