ಆ್ಯಪ್‌ನ 'ಜಾನಪದ' ವಿಭಾಗ: ಐದಕ್ಕೆ ಎರಡೂವರೆ ಸ್ಟಾರ್

ನಾಲ್ಕು ತಿಂಗಳಿಂದ ದುಡ್ಡು ಕಟ್ಟಿ ಈ ಮ್ಯೂಸಿಕ್ ಆ್ಯಪ್ ಬಳಸುತ್ತಿದ್ದೇನೆ. ಹೆಸರು ಬೇಡ ಬಿಡಿ. ಸೌಂಡ್ ಚೆನ್ನಾಗಿದೆ, ಜಾಹೀರಾತಿನ ಕಾಟ ಇಲ್ಲ. ನನ್ನ ತಕರಾರೇನಿದ್ದರೂ 'ಜಾನಪದ' ಅಂತ ಬೋರ್ಡು ಹಾಕಿಕೊಂಡಿರುವ ವಿಭಾಗದ ಬಗ್ಗೆ.

ಮೊದಲ ಇಪ್ಪತ್ತು ಹಾಡು ಕೇಳಿದೆ. ಅದರಲ್ಲಿ ಹದಿನಾರು ಹೊಸದಾಗಿ ಬರೆದು, ಗಿಟಾರ್ ಹಿಡಿದು ಸ್ಟುಡಿಯೋದಲ್ಲಿ ಹಾಡಿದವು. ಕೆಲವು ನಿಜಕ್ಕೂ ಚಂದ. ಆದರೆ ಗಿಟಾರ್ ಇದ್ದು ಡ್ರಮ್ಸ್ ಇಲ್ಲ ಅಂದಮಾತ್ರಕ್ಕೆ ಜಾನಪದ ಆಗಿಬಿಡುತ್ತಾ?

ಬರೆದವರು ಯಾರೆಂದು ಗೊತ್ತಿದ್ದರೆ ಜಾನಪದ ಅಲ್ಲ ಅಂತಲೂ ನಾನು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಹಾಡು ಸಂಗ್ರಹಿಸುತ್ತಿದ್ದ ಸೆಸಿಲ್ ಶಾರ್ಪ್ 1907ರಲ್ಲೇ ಮೂರು ಗುರುತು ಕೊಟ್ಟಿದ್ದರು. ಹಾಡು ತಲೆಮಾರು ದಾಟಿ ಬರಬೇಕು, ಬಾಯಿಂದ ಬಾಯಿಗೆ ಬದಲಾಗಬೇಕು, ಯಾವ ರೂಪ ಉಳಿಯಬೇಕು ಅಂತ ಜನರೇ ಆರಿಸಬೇಕು. ಅಂತರರಾಷ್ಟ್ರೀಯ ಜಾನಪದ ಸಂಗೀತ ಮಂಡಳಿ 1954ರಲ್ಲಿ ಒಪ್ಪಿದ್ದೂ ಇದನ್ನೇ. ಒಬ್ಬರು ಬರೆದ ಹಾಡೂ ಜನರ ಬಾಯಲ್ಲಿ ಪಳಗಿದರೆ ಜಾನಪದವೇ. ರೆಡಿ ಹಾಡನ್ನು ಒಂದಕ್ಷರ ಬದಲಿಸದೆ ಹಾಡಿಕೊಂಡರೆ ಅಲ್ಲ.

ಈ 'ಬದಲಾಗುವುದು' ಏನು ಅಂತ ನನಗೆ ಅರ್ಥವಾಗಿದ್ದು ಇದೇ ಆ್ಯಪ್‌ನಲ್ಲಿ, ಪಟ್ಟಿಯ ತೀರಾ ಕೆಳಗೆ. ಒಂದು ಲಾಲಿ ಹಾಡು. ಅಮ್ಮ ಹಾಡಿದ್ದು ಒಂದು, ವರ್ಷಗಳ ನಂತರ ಮಗಳು ಹಾಡಿದ್ದು ಇನ್ನೊಂದು. ಅಮ್ಮನ ಹಾಡಲ್ಲಿ ಅಪ್ಪ ದೋಣಿಯಲ್ಲಿ ಬರುತ್ತಾನೆ, ಮಗಳ ಹಾಡಲ್ಲಿ ಕುದುರೆ ಮೇಲೆ. ಮೂರನೇ ಸಾಲಿಗೆ ಅಮ್ಮ ತಡವರಿಸುತ್ತಾರೆ. ಪದ ಮರೆತಿದೆ. 'ಹ್ಞೂಂ ಹ್ಞೂಂ' ಅಂತ ಗುನುಗಿ, ಸಣ್ಣಗೆ ನಕ್ಕು ಮುಂದೆ ಹೋಗುತ್ತಾರೆ. ಮಗಳ ಹಾಡಲ್ಲೂ ಅದೇ ಜಾಗದಲ್ಲಿ ಗುನುಗು ಬರುತ್ತದೆ. ಆದರೆ ತಡವರಿಕೆ ಇಲ್ಲ, ನಗು ಇಲ್ಲ. ಮರೆವೇ ಹಾಡಿನ ಸಾಲಾಗಿಬಿಟ್ಟಿದೆ! ಅವತ್ತು ಅದನ್ನು ಆರೇಳು ಸಲ ಕೇಳಿದೆ.

ಮುಂದಿನ ವಾರ ನೋಡಿದರೆ ಮಗಳ ಹಾಡು ನಾಪತ್ತೆ. ಸಪೋರ್ಟ್‌ಗೆ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು: ಒಂದೇ ಹಾಡು ಎರಡು ಸಲ ಇತ್ತು, ಅದಕ್ಕೇ ಮರೆಮಾಡಿದ್ದೇವೆ. ಜಾನಪದದ ಜೀವ ಎಲ್ಲಿದೆಯೋ ಸರಿಯಾಗಿ ಅಲ್ಲಿಗೇ ಕತ್ತರಿ ಹಾಕಿದ್ದಾರೆ, ಅಲ್ವಾ? ಸ್ಟುಡಿಯೋ ಹಾಡುಗಳಿಗೆ ಹೀಗೆ ಮರೆಮಾಡುವುದು ಇರಲಿ, ಬೇಡ ಅನ್ನಲ್ಲ.

ನೀವೂ ಇದೇ ಆ್ಯಪ್ ಬಳಸುತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ಕೊನೆಯವರೆಗೂ ಇಳಿಯಿರಿ. 'ಪುನರಾವರ್ತನೆ ಮರೆಮಾಡು' ಅಂತ ಒಂದು ಬಟನ್ ಇದೆ. ಆಫ್ ಮಾಡಿ. ಮಗಳ ಹಾಡು ನನಗೆ ವಾಪಸ್ ಸಿಕ್ಕಿದ್ದು ಹಾಗೆ.