ಪೂಲ್‌ಗೆ ಹೀಟ್ ಪಂಪ್ ಹಾಕಿಸೋರೇ, ಆ ಸಿಒಪಿ ನಂಬರ್ ಎಷ್ಟು ಡಿಗ್ರಿ ಗಾಳೀಲಿ ಬಂದಿದ್ದು ಅಂತ ಮೊದ್ಲು ಕೇಳಿ

ಈಜುಕೊಳದ ನೀರು ಬಿಸಿ ಮಾಡೋಕೆ ಏರ್ ಸೋರ್ಸ್ ಹೀಟ್ ಪಂಪ್ ತಗೋಬೇಕು ಅಂತಿರೋರು ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದ್ಕೊಳ್ಳಿ. ಮಷಿನ್ನೇ ಕೆಟ್ಟದ್ದು ಅಂತ ಹೇಳ್ತಿಲ್ಲ, ಹೊರಗಿನ ಗಾಳೀಲಿರೋ ಬಿಸಿ ಎಳ್ಕೊಂಡು ಕಂಪ್ರೆಸರ್ ಮೂಲಕ ನೀರಿಗೆ ದಾಟಿಸುತ್ತೆ, ಹೀಟರ್ ಕಾಯಿಲ್ ಹಾಕಿ ನೀರು ಕಾಯಿಸೋದಕ್ಕಿಂತ ಕರೆಂಟ್ ಎಷ್ಟೋ ಕಮ್ಮಿ, ಅದೆಲ್ಲಾ ನಿಜ. ಆದ್ರೆ ಮಾರೋರು ಹೇಳೋ ಲೆಕ್ಕ ಒಂದು, ಚಳಿ ಬಂದಾಗ ಅದು ಮಾಡೋ ಕೆಲ್ಸ ಇನ್ನೊಂದು.

ನಮಗೆ ಮಾರಿದವ್ರು ಬ್ರೋಷರ್ ಮುಂದಿಟ್ಟು "ಸಿಒಪಿ 12 ಸಾರ್, ಒಂದು ಯುನಿಟ್ ಕರೆಂಟಿಗೆ ಹನ್ನೆರಡು ಯುನಿಟ್ ಬಿಸಿ, 9 ಕಿಲೋವ್ಯಾಟ್ ಮಷಿನ್ ನಿಮ್ಮ ಪೂಲ್‌ಗೆ ಧಾರಾಳ ಆಯ್ತು" ಅಂದ್ರು. ಎರಡೂ ನಂಬರ್ ಬ್ರೋಷರ್‌ನಲ್ಲಿ ಇರೋದೇ, ಸುಳ್ಳಲ್ಲ. ಆದ್ರೆ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರ್ದಿದ್ದು ಏನಪ್ಪಾ ಅಂದ್ರೆ ಗಾಳಿ 26 ಡಿಗ್ರಿ, ನೀರು 26 ಡಿಗ್ರಿ, ಹ್ಯುಮಿಡಿಟಿ 80 ಪರ್ಸೆಂಟ್. ಅಂಥ ಹವೇಲಿ ನೀರು ಬಿಸಿ ಮಾಡ್ಬೇಕು ಅಂತ ಅಳೋರು ಯಾರು ಸ್ವಾಮಿ? ಇನ್ನೊಂದು ಚಮತ್ಕಾರ ಇದೆ ನೋಡಿ, ಕಂಪ್ರೆಸರ್ ಸ್ಪೀಡ್ ತಾನೇ ಹೆಚ್ಚುಕಮ್ಮಿ ಮಾಡ್ಕೊಳೋ ಇನ್ವರ್ಟರ್ ಮಷಿನ್‌ಗಳಲ್ಲಿ ಆ ದೊಡ್ಡ ಸಿಒಪಿ ಬರೋದು ಕಂಪ್ರೆಸರ್ ತೀರಾ ಕಮ್ಮಿ ಸ್ಪೀಡಲ್ಲಿ ಓಡುವಾಗ, 9 ಕಿಲೋವ್ಯಾಟ್ ಬರೋದು ಫುಲ್ ಸ್ಪೀಡಲ್ಲಿ. ಅಂದ್ರೆ ಪಕ್ಕಪಕ್ಕದಲ್ಲೇ ಪ್ರಿಂಟ್ ಮಾಡಿರೋ ಈ ಎರಡು ನಂಬರ್ ಒಟ್ಟಿಗೆ ಯಾವತ್ತೂ ಸಿಗಲ್ಲ. ಅದೇ ಪಟ್ಟೀಲಿ ಕೆಳಗೆ ಗಾಳಿ 15 ಡಿಗ್ರಿ ಅಂತ ಇನ್ನೊಂದು ಸಾಲು ಇರುತ್ತೆ, ನೋಡ್ಬೇಕಾಗಿರೋದು ಅದನ್ನ. ನಮ್ಮ ಮಷಿನ್‌ಗೆ ಅಲ್ಲಿದ್ದಿದ್ದು 6 ಕಿಲೋವ್ಯಾಟ್, ಸಿಒಪಿ ನಾಲ್ಕು ಚಿಲ್ರೆ.

ಈಗ ಲೆಕ್ಕ ಹಾಕಿ. ಸಾವಿರ ಲೀಟರ್ ನೀರು ಒಂದು ಡಿಗ್ರಿ ಏರೋಕೆ 1.16 ಯುನಿಟ್ ಬಿಸಿ ಬೇಕು, ಇದು ಯಾವ ಕಂಪ್ನಿನೂ ಬದಲಾಯ್ಸೋಕಾಗದ ಲೆಕ್ಕ. ನಮ್ದು 8 ಮೀಟರ್ ಉದ್ದ 4 ಮೀಟರ್ ಅಗಲ, 50 ಸಾವಿರ ಲೀಟರ್ ಹತ್ತಿರ ಹಿಡಿಯುತ್ತೆ, ಹತ್ತು ಡಿಗ್ರಿ ಏರಿಸ್ಬೇಕು ಅಂದ್ರೆ 580 ಯುನಿಟ್, 6 ಕಿಲೋವ್ಯಾಟ್ ಮಷಿನ್ ಒಂದೇ ಸಮ ಓಡಿದ್ರೂ ನಾಲ್ಕು ದಿನ, ಅದೂ ಮಧ್ಯದಲ್ಲಿ ಒಂದು ಚೂರೂ ಆರಲ್ಲ ಅಂತ ಇಟ್ಕೊಂಡ್ರೆ. ಫಿಟ್ ಮಾಡೋಕೆ ಬಂದವ್ರು ಫಿಲ್ಟರ್ ಪಂಪ್ ಟೈಮರ್‌ನ ದಿನಕ್ಕೆ 6 ಗಂಟೆಗೆ ಇಟ್ಟು ಹೋದ್ರು. ಫಿಲ್ಟರ್ ಪಂಪ್ ಓಡಿ ನೀರು ಹರಿದ್ರೆ ಮಾತ್ರ ಹೀಟ್ ಪಂಪ್ ಓಡೋದು, ಹಂಗಾಗಿ ದಿನಕ್ಕೆ ಸಿಕ್ತಿದ್ದಿದ್ದು 36 ಯುನಿಟ್ ಅಷ್ಟೇ.

ಪೂಲ್ ನೀರಿನ ಮೇಲೆ ಹೊದಿಸೋ ಕವರ್ ವಿಷಯ ಕೇಳಿದ್ದಕ್ಕೆ "ಅದು ಬೇಕಿದ್ರೆ ಆಮೇಲೆ ನೋಡಣ ಬಿಡಿ" ಅಂದಿದ್ರು. ತೆರೆದ ಪೂಲ್‌ನಲ್ಲಿ ಬಿಸಿ ಹೋಗೋ ದೊಡ್ಡ ದಾರೀನೇ ಆವಿ. ಒಂದು ಲೀಟರ್ ಆವಿಯಾಗಿ ಹೋದ್ರೆ ಸುಮಾರು 0.67 ಯುನಿಟ್ ಬಿಸಿ ಜೊತೆಗೆ ಹೊತ್ಕೊಂಡು ಹೋಗುತ್ತೆ. ನಮ್ಮ ಅಳತೆ ಪೂಲಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಇಳಿದ್ರೆ 160 ಲೀಟರ್, ಅಂದ್ರೆ ನೂರು ಯುನಿಟ್‌ಗಿಂತ ಮೇಲೆ. ಹಗಲು ಬಿಸಿಲು ಒಂದಿಷ್ಟು ವಾಪಸ್ ಕೊಡುತ್ತೆ ನಿಜ, ಆದ್ರೂ 36 ಹಾಕಿ ನೂರು ಕಳ್ಕೊಂಡ್ರೆ ನೀರು ಎಲ್ಲಿಂದ ಬಿಸಿ ಆಗ್ಬೇಕು. ಮೀಟರ್ ಮಾತ್ರ ತಿರುಗ್ತಾನೇ ಇತ್ತು.

ಇದರ ಮೇಲೆ ಮಷಿನ್ ಇಟ್ಟ ಜಾಗ. ಸೌಂಡ್ ಬರಲ್ಲ, ನೋಡೋಕೂ ನೀಟಾಗಿರುತ್ತೆ ಅಂತ ಹೇಳಿ ಪಂಪ್ ರೂಮ್ ಒಳಗೇ ಕೂರಿಸ್ಬಿಟ್ರು. ಫ್ಯಾನ್ ಮುಂದೆ ಬಿಡೋ ಗಾಳಿ ಬಿಸಿ ಕಳ್ಕೊಂಡು ತಣ್ಣಗಾಗಿರುತ್ತೆ, ನಾಲ್ಕು ಗೋಡೆ ಮಧ್ಯ ಅದು ಹೋಗೋದೆಲ್ಲಿ, ಸುತ್ತಿಕೊಂಡು ಹಿಂದಿನಿಂದ ಮತ್ತೆ ಒಳಗೆ, ಇನ್ನೂ ತಣ್ಣಗಾಗಿ ಈಚೆಗೆ, ಹಿಂಗೇ ಆಗಿ ಆಗಿ ಗಾಳಿಯ ಬಿಸಿ ಎಳ್ಕೊಳೋ ಹಿಂದಿನ ಕಾಯಿಲ್ ಮೇಲೆ ಐಸ್ ಕಟ್ಟೋದು. ಐಸ್ ಕಟ್ಟಿದ್ರೆ ಮಷಿನ್ ಡಿಫ್ರಾಸ್ಟ್‌ಗೆ ಹೋಗುತ್ತೆ, ಆಗ ನೀರಿಗೆ ಬಿಸಿ ಇಲ್ಲ, ಸಾಲದ್ದಕ್ಕೆ ಕೆಲವು ಮಷಿನ್ ಆ ಐಸ್ ಕರಗಿಸೋಕೆ ಪೂಲ್ ನೀರಿನ ಬಿಸೀನೇ ವಾಪಸ್ ಎಳ್ಕೊಳುತ್ತೆ. ಫೋನ್ ಮಾಡಿದ್ರೆ "ಚಳಿ ಅಲ್ವಾ ಸಾರ್, ಹಂಗೇ ಅದು". ಮಷಿನ್ ಹಿಂದೆ ಗಾಳಿ ಎಳ್ಕೊಳೋ ಕಡೆ ಒಂದು ಥರ್ಮಾಮೀಟರ್, ಬಯಲಲ್ಲಿ ಇನ್ನೊಂದು ಇಟ್ಟು ನೋಡಿ, ಎರಡೂ ಹೆಚ್ಚುಕಮ್ಮಿ ಒಂದೇ ಇರ್ಬೇಕು. ನಮ್ದರಲ್ಲಿ ಐದಾರು ಡಿಗ್ರಿ ವ್ಯತ್ಯಾಸ ಬರ್ತಿತ್ತು.

ವಾರಂಟಿ ಕಥೆನೂ ಹೇಳ್ಬಿಡ್ತೀನಿ. ಪೈಪ್ ಲೈನ್‌ನಲ್ಲಿ ಪಂಪ್, ಫಿಲ್ಟರ್, ಆಮೇಲೆ ಹೀಟ್ ಪಂಪ್, ಎಲ್ಲಾದಕ್ಕೂ ಕೊನೇಲಿ ಕ್ಲೋರಿನ್ ಹಾಕೋ ಡಬ್ಬ, ಈ ಕ್ರಮದಲ್ಲೇ ಬರ್ಬೇಕು. ಅವ್ರು ಕ್ಲೋರಿನ್ ಡಬ್ಬ ಹೀಟ್ ಪಂಪ್‌ಗಿಂತ ಮುಂಚೆ ಕೂರಿಸಿದ್ರು. ಪಂಪ್ ನಿಂತಾಗ ಗಾಢವಾದ ಕ್ಲೋರಿನ್ ನೀರು ಮಷಿನ್ ಒಳಗೆ ಹೋಗಿ ಕೂರೋದು. ನೀರಿಗೆ ಬಿಸಿ ದಾಟಿಸೋ ಟೈಟಾನಿಯಂ ಕೊಳವೆ ಅದನ್ನ ತಡ್ಕೊಳುತ್ತೆ, ಆದ್ರೆ ಮಷಿನ್ ಪೂರ್ತಿ ಟೈಟಾನಿಯಂ ಅಲ್ವಲ್ಲ, ನಮ್ದರಲ್ಲಿ ನೀರು ಹರೀತಿದೆಯಾ ಅಂತ ನೋಡೋ ಫ್ಲೋ ಸ್ವಿಚ್ ತಿಂದು ಹೋಯ್ತು. ಕ್ಲೈಮ್ ಮಾಡಿದ್ರೆ ಕಂಪ್ನಿಯವ್ರು ಮ್ಯಾನ್ಯುಯಲ್ ಪುಟ ತೆಗೆದು ತೋರ್ಸಿ ಕೈ ತೊಳ್ಕೊಂಡ್ರು, ಫಿಟ್ ಮಾಡಿದವ್ರು ಫೋನ್ ಎತ್ತೋದೇ ನಿಲ್ಸಿದ್ರು.

ಇದರ ನಡುವೆ ಸರ್ವಿಸ್‌ಗೆ ಬಂದ ಒಬ್ಬ, ಮಷಿನ್ ಕೆಳಗೆ ನೀರು ನಿಂತಿದ್ದು ನೋಡಿ, ಪೂಲ್ ನೀರಿಗೆ ಬಿಸಿ ದಾಟಿಸೋ ಹೀಟ್ ಎಕ್ಸ್‌ಚೇಂಜರ್ ಲೀಕು, ಹೊಸದೇ ಹಾಕ್ಬೇಕು ಅಂತ ಎಸ್ಟಿಮೇಟ್ ಬರ್ಯೋಕೆ ಕೂತ. ಹೀಟ್ ಪಂಪ್ ಓಡುವಾಗ ಗಾಳೀಲಿರೋ ತೇವ ತಣ್ಣಗಿರೋ ಕಾಯಿಲ್ ಮೇಲೆ ನೀರಾಗಿ ಇಳಿಯೋದು ಮಾಮೂಲಿ. ಅನುಮಾನ ಇದ್ರೆ ಪೂಲ್‌ಗೆ ಬಳಸೋ ಕ್ಲೋರಿನ್ ಟೆಸ್ಟ್ ಸ್ಟ್ರಿಪ್ ಆ ನೀರಲ್ಲಿ ಅದ್ದಿ, ಕ್ಲೋರಿನ್ ತೋರಿಸ್ಲಿಲ್ಲ ಅಂದ್ರೆ ಗಾಳಿಯ ನೀರು. ನಮ್ದು ಗಾಳಿಯ ನೀರೇ.

ಆಮೇಲೆ ಬೇರೆಯವ್ರನ್ನ ಕರ್ಸಿ ಮಷಿನ್ ಬಯಲಿಗೆ ತಂದು, ಪೈಪ್ ಕ್ರಮ ಸರಿ ಮಾಡ್ಸಿ, ಬಬಲ್ ಕವರ್ ಹಾಕಿದ್ವಿ. ಈಗ ರಾತ್ರಿ ಬದ್ಲು ಗಾಳಿ ಬೆಚ್ಚಗಿರೋ ಹಗಲು ಹೊತ್ತಲ್ಲಿ ಟೈಮರ್ ಜಾಸ್ತಿ ಮಾಡಿ ಓಡಿಸ್ತೀವಿ. ಮಷಿನ್ ಚಿಕ್ಕದೇ, ತೀರಾ ಚಳೀಲಿ ಈಗ್ಲೂ ಸಾಕಾಗಲ್ಲ, ಆದ್ರೆ ಕವರ್ ಬಂದ್ಮೇಲೆ ಬೆಳಿಗ್ಗೆ ನೀರು ಮುಂಚಿನಷ್ಟು ಆರಿರಲ್ಲ. ನನ್ನ ಕೇಳಿದ್ರೆ ಮೊದ್ಲು ಕವರ್ ತಗೊಳ್ಳಿ, ಮಷಿನ್ ಸೈಜ್ ಆಮೇಲೆ ಲೆಕ್ಕ ಹಾಕ್ಸಿ. ಕೊಟೇಷನ್‌ನಲ್ಲಿ 15 ಡಿಗ್ರಿ ಗಾಳೀಲಿ ಎಷ್ಟು ಕಿಲೋವ್ಯಾಟ್, ಎಷ್ಟು ಸಿಒಪಿ, ಮಷಿನ್ ಎಲ್ಲಿ ಕೂರಿಸ್ತಾರೆ, ಇಷ್ಟನ್ನ ಬರವಣಿಗೇಲಿ ತಗೊಳ್ಳಿ.

ನೀರು ಹೆಪ್ಪುಗಟ್ಟೋ ಅಷ್ಟು ಚಳಿ ಬೀಳೋ ಕಡೆ ಇದ್ರೆ ಇನ್ನೊಂದು ವಿಷಯ, ಸೀಸನ್ ಮುಗಿದ ತಕ್ಷಣ ಮಷಿನ್ ಒಳಗಿನ ನೀರು ಪೂರ್ತಿ ಖಾಲಿ ಮಾಡ್ಬೇಕು, ಇಲ್ಲಾಂದ್ರೆ ಒಳಗೇ ಹೆಪ್ಪುಗಟ್ಟಿ ಎಕ್ಸ್‌ಚೇಂಜರ್ ಒಡೆಯುತ್ತೆ. ಡ್ರೈನ್ ಪ್ಲಗ್ ಎಲ್ಲಿದೆ ಅಂತ ಫಿಟ್ ಮಾಡೋ ದಿನಾನೇ ತೋರಿಸ್ಕೊಂಡು ಒಂದು ಸಲ ಬಿಚ್ಚಿ ನೋಡಿ. ನಮ್ದನ್ನ ಗೋಡೆ ಕಡೆ ತಿರುಗಿಸಿ ಕೂರಿಸಿದ್ರು, ಕೈ ತೂರ್ಸೋಕೂ ಜಾಗ ಇರ್ಲಿಲ್ಲ.