ಸ್ಟ್ರೈನರ್ ಪಕ್ಕದಲ್ಲಿ ನೇತುಬಿದ್ದ ಕಾರ್ಡು: ತೇಲುವ ಕಡಲಕಳೆ ಗುರುತಿಸುವ ಕೈಪಿಡಿಯ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸಸ್ಯಶಾಸ್ತ್ರ ಓದಿದವನಲ್ಲ. ಸರಕು ಹಡಗಿನಲ್ಲಿ ಥರ್ಡ್ ಇಂಜಿನಿಯರ್. ಕಡಲಕಳೆಗೂ ನನಗೂ ನಂಟು ಬೆಳೆದದ್ದು ಡೆಕ್ಕಿನ ಮೇಲೆ ನಿಂತು ಸಮುದ್ರ ನೋಡಿ ಅಲ್ಲ, ಇಂಜಿನ್ ರೂಮಿನಲ್ಲಿ ಸ್ಟ್ರೈನರ್, ಅಂದರೆ ಒಳಗೆ ಬರುವ ಸಮುದ್ರದ ನೀರು ಸೋಸುವ ಜಾಲರಿ ಬುಟ್ಟಿ, ತೊಳೆದು.

ಕೆರಿಬಿಯನ್ ಕಡೆ ಒಂದು ಬಂದರಿನ ಹೊರಗೆ ಲಂಗರು ಹಾಕಿ ಸರದಿಗೆ ಕಾಯುತ್ತಿದ್ದೆವು. ಆಳ ಕಡಿಮೆ ಇರುವಲ್ಲಿ ತಳದ ಕೆಸರು ಒಳಗೆ ಬರಬಾರದೆಂದು ಇಂಜಿನ್ ತಣಿಸುವ ನೀರನ್ನು ಮೇಲಿನ ಬಾಯಿಯಿಂದ ಎಳೆದುಕೊಳ್ಳುತ್ತೇವೆ. ಕೆಸರೇನೋ ತಪ್ಪಿತು, ಮೇಲೆ ತೇಲುತ್ತಿದ್ದ ಕಳೆ ಸೀದಾ ಒಳಗೆ ಬಂತು. ಪಂಪಿನ ಒತ್ತಡ ಇಳಿಯುವುದು, ಕೂಲರ್ ಬಿಸಿಯಾಗುವುದು, ಸ್ಟ್ರೈನರ್ ಬಿಚ್ಚಿದರೆ ಬುಟ್ಟಿ ತುಂಬ ಕಂದು-ಹಳದಿ ಕಳೆ. ಒಂದೇ ಪಾಳಿಯಲ್ಲಿ ಮೂರು ಸಲ. ಮೂರನೆಯ ಸಲ ಬುಟ್ಟಿ ಬೋರಲು ಹಾಕಿದಾಗಲೇ ಕಣ್ಣಿಗೆ ಬಿದ್ದದ್ದು: ಅರೆ, ಇದೆಲ್ಲ ಒಂದೇ ಕಳೆ ಅಲ್ಲವಲ್ಲ! ಕೆಲವದರ ಎಲೆ ಕಡ್ಡಿಯಷ್ಟು ಸಣ್ಣ, ಕೆಲವದರದ್ದು ಅಗಲ. ಕಳೆಯನ್ನು ತೇಲಿಸುವ ಗಾಳಿಗುಳ್ಳೆಗಳಲ್ಲಿ ಕೆಲವಕ್ಕೆ ಮೂತಿಯಲ್ಲಿ ಮುಳ್ಳು, ಕೆಲವು ಬೋಳು.

ಮುಂದಿನ ಸಲ ರಜೆಗೆ ಇಳಿದಾಗ ಈ ಕಾರ್ಡು ತರಿಸಿಕೊಂಡೆ. ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ, ಮೂರು ಮಡಿಕೆಯ ಕೈಪಿಡಿ. ಮೂಲೆಯಲ್ಲಿ ತೂತು, ಅಂಚಿನಲ್ಲಿ ಮಿಲಿಮೀಟರ್ ಗೆರೆ. ಜೊತೆಗೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಡಿಚುವ ಭೂತಗನ್ನಡಿ. ಎಂಟು ತಿಂಗಳು ಉಪ್ಪುನೀರು, ಡೀಸೆಲ್, ಗ್ರೀಸು ಎಲ್ಲ ಕಂಡಿದೆ. ಅಚ್ಚು ಮಾಸಿಲ್ಲ, ಮಡಿಕೆ ಹರಿದಿಲ್ಲ. ಭೂತಗನ್ನಡಿಯ ಸ್ಕ್ರೂ ಮಾತ್ರ ಎರಡೇ ವಾರಕ್ಕೆ ತುಕ್ಕು ಹಿಡಿಯಿತು. ಸಮುದ್ರದಲ್ಲಿ ಬಳಸಲೆಂದೇ ಮಾರುವ ಸಾಮಾನಿಗೆ ಕಬ್ಬಿಣದ ಸ್ಕ್ರೂ ಹಾಕುವವರ ತಲೆಗೆ ಏನೆನ್ನಬೇಕೋ.

ಒಳಗಿನ ವಿಷಯಕ್ಕೆ ಬರೋಣ. ನನ್ನ ಬುಟ್ಟಿ ತುಂಬಿದ ಆ ಕಂದು ಕಳೆಯ ಹೆಸರು ಸಾರ್ಗಾಸಮ್. ಈ ಕುಲದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ಬಂಡೆ ಹಿಡಿದು ಬೆಳೆಯುವಂಥವು, ಅಲೆ ಕಿತ್ತು ಒಯ್ದರೆ ಸ್ವಲ್ಪ ಕಾಲ ತೇಲುತ್ತವೆ. ಹುಟ್ಟಿನಿಂದ ಕೊನೆಯವರೆಗೂ ತೇಲುತ್ತಲೇ ಇರುವವು ಎರಡೇ: ನೇಟಾನ್ಸ್ ಮತ್ತು ಫ್ಲೂಯಿಟಾನ್ಸ್. ಇವಕ್ಕೆ ಬಂಡೆ ಹಿಡಿಯುವ ಬುಡವೇ ಇಲ್ಲ. ತುಂಡಾಗುವುದೇ ಇವುಗಳ ಸಂತಾನವೃದ್ಧಿ, ಮುರಿದ ಪ್ರತಿ ರೆಂಬೆಯೂ ಬೇರೆ ಗಿಡವಾಗಿ ಬೆಳೆಯುತ್ತದೆ. ಕಾರ್ಡು ಇದನ್ನು ಎರಡೇ ಸಾಲಿನಲ್ಲಿ, ಒಳ್ಳೆಯ ಚಿತ್ರದೊಂದಿಗೆ ಹೇಳಿದೆ.

ಆಮೇಲೆ ಮೂರು ನಮೂನೆಗಳು ಬರುತ್ತವೆ: ನೇಟಾನ್ಸ್-1, ನೇಟಾನ್ಸ್-8, ಫ್ಲೂಯಿಟಾನ್ಸ್-3. ಒಂದು, ಮೂರು, ಎಂಟು ಇದೆ, ಉಳಿದವು ಎಲ್ಲಿ ಹೋದವು ಎಂದು ನಾನು ಎರಡು ದಿನ ಕಾರ್ಡು ತಿರುಗಿಸಿ ತಿರುಗಿಸಿ ಹುಡುಕಿದ್ದೇನೆ. ಆಲ್ಬರ್ಟ್ ಪಾರ್ ಎಂಬ ಸಾಗರ ವಿಜ್ಞಾನಿ 1939ರಲ್ಲಿ ಉತ್ತರ ಅಟ್ಲಾಂಟಿಕ್‌ನ ಸಾರ್ಗಾಸೋ ಸಮುದ್ರದ ಕಳೆಯ ಬಗ್ಗೆ ಬರೆದಾಗ ಬಳಸಿದ ಅಂಕಿಗಳಿವು. ಬೇರೆ ಅಂಕಿಯ ನಮೂನೆಗಳೂ ಇವೆ, ಅಪರೂಪಕ್ಕೆ ಸಿಗುತ್ತವೆ, ಅಷ್ಟೇ. ಆ ಒಂದು ಸಾಲು ಅಚ್ಚು ಹಾಕಿದ್ದರೆ ಕೊಂಡವನ ಎರಡು ದಿನ ಉಳಿಯುತ್ತಿತ್ತು.

ಈಗ ನನ್ನ ದೊಡ್ಡ ತಕರಾರು. ಕಾರ್ಡಿನ ಮೊದಲ ಪ್ರಶ್ನೆಯೇ ಹೀಗಿದೆ: ಗಾಳಿಗುಳ್ಳೆಯ ತುದಿಯಲ್ಲಿ ಮುಳ್ಳಿದೆಯೇ? ಇದ್ದರೆ ನೇಟಾನ್ಸ್-1. ಕೇಳಲು ಚೆನ್ನಾಗಿದೆ. ಆದರೆ ನೇಟಾನ್ಸ್-1ರಲ್ಲೂ ಎಲ್ಲ ಗುಳ್ಳೆಗೂ ಮುಳ್ಳಿರುವುದಿಲ್ಲ. ಇದ್ದದ್ದೂ ಸ್ಟ್ರೈನರಿನ ಜಾಲರಿಗೆ ಉಜ್ಜಿ ಮುರಿದಿರುತ್ತದೆ, ದಡಕ್ಕೆ ಬಿದ್ದು ಒಣಗಿದ ಕಳೆಯಲ್ಲೂ ಅದೇ ಕಥೆ. ಮುಳ್ಳು ಇದ್ದರೆ ಸುಳಿವು, ಇಲ್ಲದಿದ್ದರೆ ಏನೂ ಹೇಳಿದಂತಾಗಲಿಲ್ಲ. ಅಂಥ ಗುಣವನ್ನು ಬಾಗಿಲಲ್ಲೇ ನಿಲ್ಲಿಸಿದರೆ ಹೇಗೆ?

ಮೊದಲು ಕೇಳಬೇಕಾದದ್ದು ದಂಟನ್ನು. ಎಲೆ, ಗುಳ್ಳೆ ಎಲ್ಲ ಉದುರಿದರೂ ದಂಟು ಉಳಿದಿರುತ್ತದೆ. ಹೆಬ್ಬೆರಳಿನ ಉಗುರನ್ನು ದಂಟಿನ ಉದ್ದಕ್ಕೂ ಮೆಲ್ಲಗೆ ಎಳೆಯಿರಿ. ತರಿತರಿಯಾಗಿ ಉಗುರಿಗೆ ಸಿಕ್ಕಿದರೆ ಫ್ಲೂಯಿಟಾನ್ಸ್-3; ಅದರ ದಂಟಿಗೆ ಸಣ್ಣ ಮುಳ್ಳುಗಳಿರುತ್ತವೆ, ಗುಳ್ಳೆ ಬೋಳು, ಎಲೆ ಅಗಲ. ಉಗುರು ನುಣ್ಣಗೆ ಜಾರಿದರೆ ನೇಟಾನ್ಸ್. ಆಮೇಲೆ ಎಲೆ ನೋಡಿ: ಕಿರಿದಾದ ಎಲೆ, ಒತ್ತೊತ್ತಾಗಿ ಬೆಳೆದ ಗಿಡ, ಅಲ್ಲಲ್ಲಿ ಮುಳ್ಳುಮೂತಿಯ ಗುಳ್ಳೆ ಆದರೆ 1. ಎಲೆ ಉದ್ದ, ಅಗಲ, ಗಿಡ ಬಿಡಿಬಿಡಿಯಾಗಿ ಹರಡಿ, ಗುಳ್ಳೆ ಬೋಳಾಗಿದ್ದರೆ 8. ಗುಳ್ಳೆಯ ಮುಳ್ಳನ್ನು ನೆಚ್ಚಿದರೆ 8 ಮತ್ತು 3 ಒಂದರೊಳಗೊಂದು ಕಲಸಿಹೋಗುತ್ತವೆ, ಎರಡರ ಗುಳ್ಳೆಯೂ ಬೋಳು ತಾನೇ. ನನ್ನ ಮೊದಲ ತಿಂಗಳ ಲೆಕ್ಕವೆಲ್ಲ ಹೀಗೇ ಕೆಟ್ಟಿತು.

ದಂಟನ್ನು ನಂಬಿದ ಮೇಲೂ ಒಮ್ಮೆ ಮೋಸಹೋದೆ, ಅದನ್ನೂ ಹೇಳಬೇಕು. ಒಂದು ಬಕೆಟ್‌ನಿಂದ 40 ತುಂಡು ಆರಿಸಿ ಪಂಪಿನ ಪಕ್ಕದ ತಗಡಿನ ಮೇಲೆ ಸಾಲಾಗಿ ಇಟ್ಟಿದ್ದೆ. ಒಂದು ತುಂಡಿನ ಎಲೆ ನೋಡಿದರೆ ಸ್ಪಷ್ಟವಾಗಿ ನೇಟಾನ್ಸ್, ಉಗುರಿಗೆ ಮಾತ್ರ ದಂಟೆಲ್ಲ ತರಿ. ಗಾಜಿನಡಿ ಹಿಡಿದೆ. ಮುಳ್ಳಲ್ಲ! ಗಸಗಸೆ ಕಾಳಿನಷ್ಟು ಪುಟಾಣಿ ಬಿಳಿ ಸುರುಳಿಗಳು, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು ದಂಟಿಗೆ ಅಂಟಿದ್ದವು. ಸುಣ್ಣದ ಕೊಳವೆ ಕಟ್ಟಿಕೊಳ್ಳುವ ಹುಳುವಿನ ಮನೆ ಅದು. ಉಗುರಿನಿಂದ ಒತ್ತಿದರೆ ಚಿಟ್ಟೆಂದು ಎದ್ದು ಬರುತ್ತದೆ, ಅಡಿಯಲ್ಲಿ ದಂಟು ನುಣುಪು. ಹಳೆಯ ಗುಳ್ಳೆಗಳ ಮೇಲೆ ಬಿಳಿ ಬಲೆಯಂತೆ ಹರಡುವ ಪಾಚಿಪ್ರಾಣಿಗಳೂ ಹೀಗೇ ದಾರಿ ತಪ್ಪಿಸುತ್ತವೆ. ಇಂಥ ಬಾಡಿಗೆದಾರರ ಬಗ್ಗೆ ಕಾರ್ಡಿನಲ್ಲಿ ಒಂದಕ್ಷರ ಇಲ್ಲ. ಚಿತ್ರಗಳೆಲ್ಲ ಈಗಷ್ಟೇ ಚಿಗುರಿದ, ತೊಳೆದಿಟ್ಟಂಥ ಗಿಡದವು. ಕೈಗೆ ಸಿಗುವುದು ಅಂಥದ್ದಲ್ಲ.

ಅಷ್ಟರಲ್ಲಿ ಚೀಫ್ ಇಂಜಿನಿಯರ್ ಬಂದು ತಗಡಿನ ಮೇಲಿನ ಸಾಲು ನೋಡಿ, “ಏನು ತೀನ್ ಸಾಬ್, ಸ್ಟ್ರೈನರ್ ತೊಳೀತಿದ್ದೀರೋ, ಹೂವು ಕಟ್ತಿದ್ದೀರೋ?” ಅಂದರು. ಥರ್ಡ್ ಇಂಜಿನಿಯರ್ ಆದ ನನ್ನನ್ನು ಅವರು ಕರೆಯುವುದೇ ಹಾಗೆ. ಪುಣ್ಯಕ್ಕೆ ಒತ್ತಡ ಸರಿಯಾಗಿತ್ತು.

ಫೋಟೊ ತೆಗೆದರೆ ಹೆಸರು ಹೇಳುವ ಆ್ಯಪನ್ನೂ ಪರೀಕ್ಷಿಸಿದೆ. ಮೂರೂ ನಮೂನೆಗೆ “ಸಾರ್ಗಾಸಮ್” ಎಂದಿತು. ಅದು ನನಗೂ ಗೊತ್ತಿತ್ತು. ಉಪಗ್ರಹದ ಕಣ್ಣಿಗೂ ಇದೇ ಮಿತಿ: ಕಳೆ ಎಲ್ಲಿದೆ, ಎಷ್ಟಿದೆ ಎಂದು ಅದು ಹೇಳೀತು. 2011ರಿಂದ ಅಟ್ಲಾಂಟಿಕ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ಕಾಣಿಸುವ ಕಳೆಯ ಪಟ್ಟೆಯನ್ನು ಅಳೆದದ್ದು ಹಾಗೇ, 2018ರ ಜೂನ್‌ನಲ್ಲಿ ಅದು 8,850 ಕಿಲೋಮೀಟರ್ ಉದ್ದ, ಎರಡು ಕೋಟಿ ಟನ್‌ಗೂ ಹೆಚ್ಚು ತೂಕ. ದಂಟಿನ ಮುಳ್ಳು ಎಣಿಸಲು ಮಾತ್ರ ಯಾರಾದರೂ ಕೈ ಒದ್ದೆ ಮಾಡಿಕೊಳ್ಳಲೇಬೇಕು. 2014-15ರಲ್ಲಿ ಕೆರಿಬಿಯನ್ ದಡಗಳಿಗೆ ರಾಶಿ ಬಿದ್ದ ಕಳೆಯಲ್ಲಿ ಹೆಚ್ಚಿನದು ಹಿಂದೆ ಅಪರೂಪವಾಗಿದ್ದ ನೇಟಾನ್ಸ್-8 ಎಂದು ತಿಳಿದದ್ದು ತುಂಡುಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಂದ.

ಕಾರ್ಡಿನ ಹಿಂಬದಿ ನನಗೆ ಮುಂಬದಿಗಿಂತ ಇಷ್ಟ. ಅಲ್ಲಿ ತೇಲಿ ಬರುವ ಬೇರೆ ಕಳೆಗಳಿವೆ, ಗುಳ್ಳೆ ಎಲ್ಲಿ ಕೂತಿದೆ ಎಂಬ ಒಂದೇ ಪ್ರಶ್ನೆಯಿಂದ ವಿಂಗಡಿಸಿದ್ದಾರೆ. ಆಸ್ಕೋಫಿಲಮ್‌ನಲ್ಲಿ ಪಟ್ಟಿಯೇ ಅಲ್ಲಲ್ಲಿ ಉಬ್ಬಿ ಗುಳ್ಳೆಯಾಗಿರುತ್ತದೆ, ಹಾವು ಇಲಿ ನುಂಗಿದ ಹಾಗೆ. ಫ್ಯೂಕಸ್‌ನಲ್ಲಿ ನಡುನರದ ಎರಡೂ ಬದಿಗೆ ಜೋಡಿಜೋಡಿ. ದೈತ್ಯ ಕೆಲ್ಪ್‌ನಲ್ಲಿ ಪ್ರತಿ ಎಲೆಯ ಬುಡಕ್ಕೆ ಒಂದೊಂದು. ಸಾರ್ಗಾಸಮ್‌ನಲ್ಲಿ ತನ್ನದೇ ತೊಟ್ಟಿನ ತುದಿಯಲ್ಲಿ ಕಾಯಿಯ ಹಾಗೆ. ತೋರಿಸಿದರೆ ಮಗುವೂ ಹೇಳೀತು. ಆದರೆ ಪೂರ್ವ ಚೀನಾ ಸಮುದ್ರದಲ್ಲಿ ರಾಶಿರಾಶಿ ತೇಲುವ ಸಾರ್ಗಾಸಮ್ ಹಾರ್ನೆರಿಯನ್ನು ಬಿಟ್ಟಿದ್ದಾರೆ. ಅದು ಬಂಡೆಯಿಂದ ಕಿತ್ತು ಬಂದದ್ದು, ಗುಳ್ಳೆ ಉದ್ದುದ್ದ, ತುದಿಯಲ್ಲಿ ಪುಟ್ಟ ಎಲೆ. ಅಟ್ಲಾಂಟಿಕ್ ದಾಟದವರಿಗಷ್ಟೇ ಈ ಕಾರ್ಡು ಅಂತ ಮುಂದೆಯೇ ಬರೆದಿದ್ದರೆ ತಕರಾರಿಲ್ಲ.

ಇನ್ನೊಂದು, ನೀವೂ ನನ್ನಂತೆ ಮಾದರಿ ಎತ್ತಿಡುವವರಾದರೆ: ಮೊದಲು ಫೋಟೊ ತೆಗೆಯಿರಿ. ಸ್ಪಿರಿಟ್ಟಿನಲ್ಲಿ ಹಾಕಿಟ್ಟ ನನ್ನ ಕಂದು ಕಳೆ ಹಸಿರಾಗಿಬಿಟ್ಟಿತು. ಕಂದು ಬಣ್ಣದ ದ್ರವ್ಯ ಸ್ಪಿರಿಟ್ಟಿಗೆ ಇಳಿದುಹೋಗುತ್ತದೆ. ಕಾರ್ಡಿನ ಬಣ್ಣದ ಪಟ್ಟಿಗೆ ಅದನ್ನು ಹೋಲಿಸಲು ಕೂತು ಅರ್ಧ ಗಂಟೆ ಕಳೆದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಸ್ಕ್ರೂವಿಗೆ, ಉಳಿದ ಒಂದು ಆ ಮೊದಲ ಪ್ರಶ್ನೆಗೆ. ನನ್ನ ಕಾರ್ಡಿನ ಮೇಲೆ ಈಗ ಮಾರ್ಕರಿನಿಂದ ಪ್ರಶ್ನೆಗಳ ಕ್ರಮ ತಿದ್ದಿದ್ದೇನೆ: ದಂಟು 1, ಎಲೆ 2, ಗುಳ್ಳೆ 3. ಕೇಬಲ್ ಟೈ ಹಾಕಿ ಸ್ಟ್ರೈನರಿನ ಪಕ್ಕದ ಪೈಪಿಗೆ ಕಟ್ಟಿದೆ. ಮೊನ್ನೆ ಚೀಫ್ ಒಂದು ತುಂಡು ಎತ್ತಿ, ಯಾರೂ ನೋಡುತ್ತಿಲ್ಲ ಅಂದುಕೊಂಡು, ದಂಟಿನ ಮೇಲೆ ಉಗುರು ಎಳೆದು ನೋಡುತ್ತಿದ್ದರು.